ಅಸ್ಪಷ್ಟ ಅಂದ್ರ ಯಾವ ನಮೂನಿದು, ಸರ?

ರಾಯಚೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬರೆದ ಕವಿತೆಗಳನ್ನು ಓದಿ, ಪ್ರತಿಯೊಂದರ ಅಂಚಿನಲ್ಲಿ ಟಿಪ್ಪಣಿ ಬರೆದುಕೊಡುವ ಕೆಲಸವನ್ನು ಒಮ್ಮೆ ಒಪ್ಪಿಕೊಂಡಿದ್ದೆ. ನಲವತ್ತರ ಹತ್ತಿರ ಕವಿತೆಗಳಿದ್ದವು. ಮೊದಲ ಹತ್ತನ್ನು ಶ್ರದ್ಧೆಯಿಂದ ಓದಿದೆ. ಆಮೇಲೆ ಕೈ ತಾನೇ ಬರೆಯತೊಡಗಿತು: ‘ಚೆನ್ನಾಗಿದೆ’, ‘ಇನ್ನಷ್ಟು ಓದಿ’, ‘ಅಸ್ಪಷ್ಟ’. ದೇವದುರ್ಗ ತಾಲ್ಲೂಕಿನ ಒಬ್ಬ ಹುಡುಗಿಯ ಕವಿತೆಗೆ ಸಿಕ್ಕಿದ್ದು ಮೂರನೆಯ ಟಿಪ್ಪಣಿ.

ಕವಿತೆ ಚಿಕ್ಕದು. ಒಂದು ಮನೆ, ಒಂದು ಸಂಜೆ. ಗೂಟದಲ್ಲಿ ಅಪ್ಪನ ಟವೆಲ್ ಇಲ್ಲ. ಡಬ್ಬಿಯಲ್ಲಿ ಮುಂಗಡದ ಹಣವೂ ಇಲ್ಲ. ತಾಯಿ ಬಾಗಿಲು ಹಾಕುವುದಿಲ್ಲ, ದೀಪ ಆರಿಸುವುದಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು ಮಗಳಿಗೆ ಹೇಳುತ್ತಾಳೆ: ‘ಅವರು ಬರ್ತಾರ.’ ಅಲ್ಲಿಗೆ ಕವಿತೆ ಮುಗಿಯುತ್ತದೆ. ನಾನು ‘ಅವರು’ ಎಂಬ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಅಸ್ಪಷ್ಟ’ ಎಂದು ಬರೆದೆ.

ಮರುವಾರ ಆ ಹುಡುಗಿ ಹಾಳೆ ಹಿಡಿದು ಬಂದಳು. ಜಗಳಕ್ಕೆ ಬಂದವಳಲ್ಲ, ನಿಜವಾಗಿ ತಿಳಿದುಕೊಳ್ಳಲು ಬಂದಿದ್ದಳು. “ಸರ, ಅಸ್ಪಷ್ಟ ಅಂದ್ರ ಯಾವ ನಮೂನಿದ್ರಿ? ನಾ ಗೊತ್ತಿಲ್ದ ಬರದೀನಿ ಅಂತೇನ್ರಿ, ಇಲ್ಲಾ ನಿಮಗ ತಿಳೀಲಿಲ್ಲ ಅಂತೇನ್ರಿ?”

“ಎರಡೂ ಇರಬಹುದಮ್ಮಾ” ಎಂದು ಹೇಳಿ ಕಳಿಸಿದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವಳದು ಸ್ಪಷ್ಟವಾದ ಪ್ರಶ್ನೆ, ನನ್ನದು ಮೊಗಮ್ಮಾದ ಉತ್ತರ.

ಮನೆಗೆ ಬಂದು ಇಂಗ್ಲಿಷ್–ಕನ್ನಡ ನಿಘಂಟು ತೆರೆದು ಕೂತೆ. ವೇಗ್ ಎಂಬಲ್ಲಿ ‘ಅಸ್ಪಷ್ಟ’ ಇತ್ತು. ಅಬ್‌ಸ್ಕ್ಯೂರ್ ಎಂಬಲ್ಲೂ ‘ಅಸ್ಪಷ್ಟ’. ಆಂಬಿಗ್ಯುಅಸ್, ನೆಬ್ಯುಲಸ್, ಹೇಜಿ ಎಲ್ಲದರ ಸಾಲಿನಲ್ಲೂ ಬೇರೆ ಪದಗಳ ಜೊತೆ ಅದೇ ‘ಅಸ್ಪಷ್ಟ’ ಬಂದು ಕೂತಿತ್ತು. ಸಂಸ್ಕೃತದಲ್ಲಿ ಆ ಪದದ ಬೇರು ನೋಡುವ ಕ್ರಿಯೆಗೆ ಸೇರಿದ್ದು. ಅಸ್ಪಷ್ಟ ಎಂದರೆ ಕಾಣದ್ದು ಎಂದಷ್ಟೇ ಅರ್ಥ. ಕಾಣದಿರುವುದಕ್ಕೆ ಕಾರಣ ಹಲವು ಇರಬಹುದು. ವಸ್ತುವೇ ಮಸುಕಾಗಿರಬಹುದು, ಬೆಳಕು ಸಾಲದಿರಬಹುದು, ಯಾರೋ ಮುಚ್ಚಿಟ್ಟಿರಬಹುದು, ನೋಡುವವನು ಕಣ್ಣು ತೆರೆಯದೆಯೂ ಇರಬಹುದು. ‘ಅಸ್ಪಷ್ಟ’ ಎಂಬ ಪದ ಈ ಯಾವುದನ್ನೂ ಹೇಳುವುದಿಲ್ಲ, ತಪ್ಪು ಯಾರದು ಎಂಬುದನ್ನಂತೂ ಹೇಳುವುದೇ ಇಲ್ಲ. ವಿಮರ್ಶಕರಿಗೆ ಅದು ಪ್ರಿಯವಾಗಿರುವುದು ಬಹುಶಃ ಅದಕ್ಕೇ.

ಇಂಗ್ಲಿಷಿನ ಈ ಪದಗಳು ಹುಟ್ಟಿನಲ್ಲೇ ಬೇರೆ ಬೇರೆ. ವೇಗ್‌ನ ಲ್ಯಾಟಿನ್ ಮೂಲಕ್ಕೆ ಅಲೆದಾಡುವುದು ಎಂಬರ್ಥ. ಎಲ್ಲಿಯೂ ನಿಲ್ಲದ ಮಾತು ಅದು. ಆಂಬಿಗ್ಯುಅಸ್ ಎಂದರೆ ಎರಡೂ ಕಡೆಗೆ ಹೊಡೆದುಕೊಂಡು ಹೋಗುವುದು, ಒಂದೇ ಎತ್ತನ್ನು ಎರಡು ದಾರಿಗೂ ಹೊಡೆದಂತೆ. ಅಬ್‌ಸ್ಕ್ಯೂರ್ ಎಂದರೆ ಕತ್ತಲಲ್ಲಿರುವುದು. ನೆಬ್ಯುಲಸ್ ಎಂದರೆ ಮಂಜಿನಂಥದು. ಕ್ರಿಪ್ಟಿಕ್ ಗ್ರೀಕ್ ಮೂಲದ್ದು, ಅಡಗಿಸಿ ಇಟ್ಟದ್ದು. ಇದನ್ನು ಓದಿ ಇಂಗ್ಲಿಷ್ ಶ್ರೀಮಂತ, ಕನ್ನಡ ಬಡವ ಎಂದು ಯಾರಾದರೂ ತೀರ್ಮಾನಿಸಿದರೆ ನಾನು ಒಪ್ಪುವುದಿಲ್ಲ. ಈ ಭೇದಗಳನ್ನೆಲ್ಲ ಕೃಷ್ಣೆ–ತುಂಗಭದ್ರೆಯರ ನಡುವಿನ ನಮ್ಮ ನಾಡು ಬಹಳ ಹಿಂದಿನಿಂದಲೂ ಬಲ್ಲದು. ಇಲ್ಲಿನ ಹಾಡು, ಶಾಸನ, ಕಚೇರಿ, ಗಜಲು ಒಂದೊಂದೂ ಒಂದೊಂದು ಬಗೆಯ ‘ಕಾಣದ್ದ’ನ್ನು ಬಳಸಿಕೊಂಡಿದೆ. ಮರೆತದ್ದು ನಾವು, ಅಂಚಿನಲ್ಲಿ ಟಿಪ್ಪಣಿ ಬರೆಯುವವರು.

ಮೊದಲು ಮೊಗಮ್ಮನ್ನೇ ತೆಗೆದುಕೊಳ್ಳೋಣ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಮೊಗಮ್ಮಾಗಿ ಹೇಳಬ್ಯಾಡ’ ಎನ್ನುವಾಗ ಮಾತಿನ ಅರ್ಥ ತಿಳಿಯಲಿಲ್ಲ ಎಂಬ ದೂರು ಇರುವುದಿಲ್ಲ. ಹೇಳುವವನು ಯಾವುದಕ್ಕೂ ಕಟ್ಟುಬೀಳದೆ ಜಾರಿಕೊಳ್ಳುತ್ತಿದ್ದಾನೆ ಎಂಬ ಆಕ್ಷೇಪ ಇರುತ್ತದೆ. ‘ಪರಿಶೀಲಿಸಲಾಗುವುದು’, ‘ಆದಷ್ಟು ಬೇಗ’, ‘ಹಂತ ಹಂತವಾಗಿ’, ‘ಸೂಕ್ತ ಕ್ರಮ’ ಮುಂತಾದ ಕಚೇರಿಯ ಮಾತುಗಳಲ್ಲಿ ಪ್ರತಿ ಪದವೂ ತಿಳಿಯುತ್ತದೆ. ಆದರೆ ಯಾವ ದಿನ, ಯಾವ ಕ್ರಮ, ಎಷ್ಟು ಹಂತ ಎಂಬ ಗೆರೆ ಎಲ್ಲೂ ಇಲ್ಲ. ವೇಗ್ ಎಂದರೆ ಇದು. ಮಾತಿಗೆ ಅರ್ಥವಿದೆ, ಅಂಚಿಲ್ಲ.

ಅಂಚು ಇಲ್ಲದಿರುವುದು ಯಾವಾಗಲೂ ಮೋಸವಲ್ಲ ಎಂಬುದನ್ನೂ ಹೇಳಬೇಕು. ‘ಮಾನ್ವಿ ದೂರ’ ಎನ್ನುತ್ತೇವೆ. ಎಷ್ಟು ಕಿಲೋಮೀಟರಿನಿಂದ ‘ದೂರ’ ಶುರುವಾಗುತ್ತದೆ ಎಂದು ಯಾರೂ ಅಳೆಯಲಾರರು, ಅಳೆಯುವ ಅಗತ್ಯವೂ ಇಲ್ಲ. ನಡೆದು ಹೋಗುವ ಮುದುಕಿಗೆ ಒಂದು ದೂರ, ಬೈಕಿನ ಹುಡುಗನಿಗೆ ಇನ್ನೊಂದು. ದಿನದ ಬದುಕು ಇಂಥ ಅಂಚಿಲ್ಲದ ಪದಗಳಿಂದಲೇ ನಡೆಯುತ್ತದೆ. ತೊಂದರೆ ಬರುವುದು ಆ ಪದದ ಮೇಲೆ ಅನ್ನವೋ ನೀರೋ ಹಣವೋ ನಿಂತಾಗ. ‘ಹಿಂದುಳಿದ’ ಎಂಬ ಪದ ಅಂಥದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆ ಪದಕ್ಕೆ ಸೂಚ್ಯಂಕದ ಗೆರೆ ಎಳೆಯಿತು. ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, 39ನ್ನು ‘ಅತ್ಯಂತ ಹಿಂದುಳಿದ’, 40ನ್ನು ‘ಅತಿ ಹಿಂದುಳಿದ’, 35ನ್ನು ‘ಹಿಂದುಳಿದ’ ಎಂದು ವಿಂಗಡಿಸಿತು. ದೇವದುರ್ಗ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದೆ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಆ ಎರಡು ಪದಗಳು. ‘ಅತ್ಯಂತ’ ಮತ್ತು ‘ಅತಿ’ ಇವುಗಳ ನಡುವೆ ಕಿವಿಗೆ ಏನು ವ್ಯತ್ಯಾಸ? ದಿನದ ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ನಡೆಯುತ್ತದೆ. ಆದರೆ ಅಂಕಿಯ ಗೆರೆ ಎಳೆದ ಮೇಲೆ, ಅನುದಾನದ ಲೆಕ್ಕದಲ್ಲಿ ಅವೆರಡರ ನಡುವೆ ಒಂದು ಗೋಡೆಯೇ ಎದ್ದಿದೆ. ಗೆರೆಯನ್ನು ಅಂಕಿ ಎಳೆದಿದೆ, ಭಾಷೆ ಎಳೆದಿಲ್ಲ. ಅಂಕಿಯನ್ನು ಮರೆತು ಪದವನ್ನಷ್ಟೇ ಉಳಿಸಿಕೊಂಡ ಭಾಷಣಕಾರನ ಬಾಯಲ್ಲಿ ಎರಡೂ ಮತ್ತೆ ಒಂದೇ ಆಗಿಬಿಡುತ್ತವೆ. ವೇಗ್ ಆದದ್ದನ್ನು ಸರಿಪಡಿಸುವ ದಾರಿ ಯಾವುದು ಎಂಬುದು ಇದರಿಂದ ತಿಳಿಯುತ್ತದೆ: ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳುವುದು.

ಇದರ ಪಕ್ಕದಲ್ಲೇ ಇನ್ನೊಂದು ಬಗೆ ಇದೆ, ಅದನ್ನು ಇದರೊಂದಿಗೆ ಬೆರೆಸಬಾರದು. ‘ಹೊಲದಾಗ ಬೆಳಿ ನಿಂತೈತಿ’ ಎಂದರೆ ಯಾವ ಬೆಳೆ ಎಂದು ಗೊತ್ತಾಗುವುದಿಲ್ಲ. ಮಾನ್ವಿಯ ಕಾಲುವೆ ಕೆಳಗಿನ ಭತ್ತವಿರಬಹುದು, ದೇವದುರ್ಗದ ಕಡೆಯ ಹತ್ತಿಯೋ ತೊಗರಿಯೋ ಇರಬಹುದು. ಆದರೂ ಆ ಮಾತು ಮಸುಕಲ್ಲ, ಸಾಮಾನ್ಯ ಮಾತು ಅಷ್ಟೆ. ವಿವರ ಹೇಳದಿರುವುದೂ ಅಂಚಿಲ್ಲದಿರುವುದೂ ಬೇರೆ ಬೇರೆ. ನಮ್ಮ ಎಳೆಯ ಕವಿಗಳು ಎಡವುವುದು ಹೆಚ್ಚಾಗಿ ಇಲ್ಲಿ. ‘ನೋವು’, ‘ಬದುಕು’, ‘ಮೌನ’, ‘ಕನಸು’ ಎಂದು ಬರೆಯುತ್ತಾರೆ. ಅಲ್ಲಿ ಬೇಕಾದ ಟಿಪ್ಪಣಿ ‘ಯಾವ ನೋವು, ಯಾರ ಮೌನ?’ ಎಂದು. ‘ಅಸ್ಪಷ್ಟ’ ಎಂದು ಬರೆದರೆ ಹುಡುಗ ಪದವನ್ನು ಬದಲಿಸಿ ‘ನೋವು’ ಇದ್ದಲ್ಲಿ ‘ವೇದನೆ’ ಎಂದು ಬರೆದುಕೊಂಡು ಬರುತ್ತಾನೆ.

ಇನ್ನು ಆಂಬಿಗ್ಯುಅಸ್. ಇದನ್ನು ಅರ್ಥಮಾಡಿಕೊಳ್ಳಲು ರಾಯಚೂರಿಗಿಂತ ಒಳ್ಳೆಯ ಜಾಗ ಸಿಗಲಾರದು. ನಮ್ಮ ಸೀಮೆಯ ಹೆಸರೇ ದೋಆಬ್, ಎರಡು ನೀರಿನ ನಾಡು. ದೇವದುರ್ಗದ ಮಗ್ಗುಲಲ್ಲಿ ಕೃಷ್ಣೆ, ಮಾನ್ವಿಯ ಮಗ್ಗುಲಲ್ಲಿ ತುಂಗಭದ್ರೆ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಆದಿಲ್‌ಶಾಹಿಗಳೂ ತಲೆತಲಾಂತರ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಆ ಜಗಳದ ಒಂದು ಅಧ್ಯಾಯ. ಗಮನಿಸಿ, ಇಲ್ಲಿ ಎಲ್ಲೆಯ ಬಗ್ಗೆ ಮಸುಕೇನೂ ಇರಲಿಲ್ಲ. ಎರಡು ನದಿಗಳಷ್ಟು ಸ್ಪಷ್ಟವಾದ ಎಲ್ಲೆ ಇನ್ನಾವುದಿದೆ? ನೆಲ ಒಂದೇ, ಹಕ್ಕುದಾರರು ಇಬ್ಬರು, ಇಬ್ಬರ ಹಕ್ಕೂ ಗಟ್ಟಿ. ಎರಡರ್ಥದ ಪದದ ಸ್ಥಿತಿಯೂ ಅದೇ. ಅದರಲ್ಲಿ ಅರ್ಥ ಕಡಿಮೆ ಇರುವುದಿಲ್ಲ, ಒಂದಕ್ಕಿಂತ ಹೆಚ್ಚೇ ಇರುತ್ತದೆ.

ಪದಕ್ಕೆ ಎರಡರ್ಥ ಇದ್ದಮಾತ್ರಕ್ಕೆ ವಾಕ್ಯ ಸಂದಿಗ್ಧವಾಗುವುದಿಲ್ಲ. ‘ಹತ್ತು ಕ್ವಿಂಟಲ್ ಹತ್ತಿ ಗಾಡಿಗೆ ಹತ್ತಿಸಿದ್ರು’ ಎಂದು ಮಾರುಕಟ್ಟೆಯ ಹಮಾಲ ಹೇಳಿದರೆ ಮೂರು ‘ಹತ್ತ’ನ್ನೂ ಕೇಳುವವನ ಕಿವಿ ತಡವರಿಸದೆ ಬೇರ್ಪಡಿಸುತ್ತದೆ. ಸಂದರ್ಭ ಬಂದು ಒಂದು ಅರ್ಥವನ್ನು ಕೈಹಿಡಿದು ಕೂರಿಸುತ್ತದೆ. ಕಾವ್ಯದ ಎರಡರ್ಥದಲ್ಲಿ ಸಂದರ್ಭ ಬಂದ ಮೇಲೂ ಎರಡೂ ಅರ್ಥ ಎದ್ದುಹೋಗುವುದಿಲ್ಲ. ವಿಲಿಯಂ ಎಂಪ್ಸನ್ 1930ರಲ್ಲಿ ಇದನ್ನು ಏಳು ಬಗೆಯಾಗಿ ವಿಂಗಡಿಸಿ ಒಂದು ಪುಸ್ತಕವನ್ನೇ ಬರೆದ. ಅಲ್ಲಿಯವರೆಗೆ ದೋಷದ ಹೆಸರಾಗಿದ್ದ ಪದ ಅವನಿಂದ ಇಂಗ್ಲಿಷ್ ವಿಮರ್ಶೆಯಲ್ಲಿ ಗುಣದ ಹೆಸರೂ ಆಯಿತು.

ನಮ್ಮಲ್ಲಿ ಆ ಭೇದ ಇನ್ನೂ ಹಳೆಯದು. ಮಮ್ಮಟನ ‘ಕಾವ್ಯಪ್ರಕಾಶ’ ಸಂದಿಗ್ಧವನ್ನು ದೋಷಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಆದರೆ ಅದೇ ಗ್ರಂಥ, ಹೊಗಳಿದಂತೆ ಮಾಡಿ ತೆಗಳುವಲ್ಲಿ, ತೆಗಳಿದಂತೆ ಮಾಡಿ ಹೊಗಳುವಲ್ಲಿ ಸಂದಿಗ್ಧವೇ ಗುಣವಾಗುತ್ತದೆ ಎಂದೂ ಒಪ್ಪುತ್ತದೆ. ಶ್ಲೇಷವಂತೂ ಅಲಂಕಾರವೇ ಆಗಿದೆ. ಸಂದಿಗ್ಧ ಎಂಬ ಪದದ ಧಾತುವಿಗೆ ಬಳಿಯುವುದು, ಲೇಪಿಸುವುದು ಎಂಬರ್ಥವಿದೆ. ಒಂದು ಅರ್ಥದ ಮೇಲೆ ಇನ್ನೊಂದನ್ನು ಬಳಿದದ್ದು ಅದು. ‘ಅಸ್ಪಷ್ಟ’ಕ್ಕೂ ಅದಕ್ಕೂ ಎಷ್ಟು ದೂರ!

1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರಿಗೆ ಇನ್ನೊಂದು ಕಿವಿಯೂ ಇದೆ, ಉರ್ದುವಿನದು. ಉರ್ದು ಕಾವ್ಯಮೀಮಾಂಸೆಯಲ್ಲಿ ಕೇಳಲು ಬಹಳ ಹತ್ತಿರದ ಎರಡು ಪದಗಳಿವೆ. ಇಬ್ಹಾಮ್ ಎಂದರೆ ಅರ್ಥ ತಿಳಿಯದಂಥ ಮಸುಕು. ಈಹಾಮ್ ಎಂದರೆ ಒಂದು ಪದಕ್ಕೆ ಹತ್ತಿರದ ಅರ್ಥವೊಂದು, ದೂರದ ಅರ್ಥವೊಂದು ಇರುವಾಗ, ಕೇಳುಗ ಹತ್ತಿರದ್ದನ್ನು ಹಿಡಿಯಲು ಬಿಟ್ಟು ಕವಿ ದೂರದ್ದನ್ನು ಉದ್ದೇಶಿಸುವ ಚಮತ್ಕಾರ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ದೆಹಲಿಯ ಕವಿಗಳಿಗೆ ಅದರ ಹುಚ್ಚೇ ಹಿಡಿದಿತ್ತು. ಒಂದು ಸಣ್ಣ ದನಿಯ ವ್ಯತ್ಯಾಸದಲ್ಲಿ ಆ ಭಾಷೆ ಮಸುಕನ್ನೂ ಚಮತ್ಕಾರವನ್ನೂ ಬೇರೆ ಇಟ್ಟಿದೆ. ನಾವು ಎರಡಕ್ಕೂ ‘ಅಸ್ಪಷ್ಟ’ ಎಂದು ಬರೆಯುತ್ತೇವೆ.

ಕನ್ನಡಕ್ಕೆ ಗಜಲನ್ನು ತಂದವರಲ್ಲಿ ಮೊದಲಿಗರು ರಾಯಚೂರಿನ ಶಾಂತರಸರು. ಅವರ ಬೆನ್ನಿಗೆ ಎಚ್.ಎಸ್. ಮುಕ್ತಾಯಕ್ಕನವರೂ ಇಲ್ಲಿಂದಲೇ ಆ ಪ್ರಕಾರವನ್ನು ಬೆಳೆಸಿದರು. ಗಜಲನ್ನು ಕನ್ನಡಕ್ಕೆ ತರುವವರಿಗೆ ಒಂದು ವ್ಯಾಕರಣದ ತೊಡಕಿದೆ. ಗಜಲಿನ ಪ್ರಿಯ ವ್ಯಕ್ತಿ ಹೆಣ್ಣೋ ಗಂಡೋ ದೇವರೋ ಎಂಬುದು ತೀರ್ಮಾನವಾಗದೆ ಉಳಿಯಬೇಕು. ಆ ಸಂಪ್ರದಾಯದ ಸೊಗಸಿನ ದೊಡ್ಡ ಪಾಲು ಅಲ್ಲಿದೆ. ಕನ್ನಡದ ಕ್ರಿಯಾಪದ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ‘ಬಂದನು’ ಎಂದರೆ ಗಂಡು, ‘ಬಂದಳು’ ಎಂದರೆ ಹೆಣ್ಣು, ಬಾಗಿಲಲ್ಲೇ ತೀರ್ಮಾನವಾಗಿಬಿಡುತ್ತದೆ. ಆದರೆ ಎರಡು ಕಿಂಡಿಗಳು ತೆರೆದಿವೆ. ಒಂದು, ‘ನೀನು’. ‘ನೀ ಬಂದೆ’, ‘ನೀ ಬರಲಿಲ್ಲ’ ಎಂಬಲ್ಲಿ ಲಿಂಗವಿಲ್ಲ. ಎದುರಿಗೆ ಇರುವವರು ಯಾರೂ ಆಗಬಹುದು. ಕನ್ನಡದ ಗಜಲು ಮತ್ತೆ ಮತ್ತೆ ‘ನೀನು’ ಎಂದು ಕರೆಯುವುದರ ಹಿಂದೆ ಉರ್ದುವಿನ ಅನುಕರಣೆಯ ಜೊತೆಗೆ ಕನ್ನಡ ವ್ಯಾಕರಣ ಕೊಟ್ಟ ಈ ಸೌಕರ್ಯವೂ ಇದೆ ಎಂದು ನನಗನ್ನಿಸುತ್ತದೆ. ಇನ್ನೊಂದು ಕಿಂಡಿ, ‘ಅವರು’. ಅದರ ಮಾತು ಕೊನೆಗೆ.

ಮೂರನೆಯದು ಅಬ್‌ಸ್ಕ್ಯೂರ್. ಇಲ್ಲಿ ಪಠ್ಯದಲ್ಲಿ ಕೊರತೆಯಿಲ್ಲ, ನಮ್ಮಲ್ಲಿ ಬೆಳಕಿಲ್ಲ. ಇದೇ ಜಿಲ್ಲೆಯ ಮಸ್ಕಿಯ ಬಂಡೆ ಇದಕ್ಕೆ ಸಾಕ್ಷಿ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ ಆ ಶಾಸನಗಳ ಅಕ್ಷರ ತಿಳಿಯಿತು, ಅರ್ಥವೂ ಹೆಚ್ಚುಕಡಿಮೆ ತಿಳಿಯಿತು. ಆದರೆ ಮಾತಾಡುತ್ತಿರುವ ‘ದೇವಾನಾಂಪಿಯ’ ಯಾರು? ದೇವರಿಗೆ ಪ್ರಿಯನಾದವನು ಎಂಬ ಬಿರುದು ಸ್ಪಷ್ಟ, ವ್ಯಕ್ತಿ ಕತ್ತಲಲ್ಲಿ. ಮೊದಲು ಅವನನ್ನು ಸಿಂಹಳದ ಅರಸನೆಂದು ಭಾವಿಸಿದ್ದೂ ಉಂಟು. ಆಮೇಲೆ ಸಿಂಹಳದ ಚರಿತ್ರೆಗಳ ಆಧಾರದಿಂದ ಅಶೋಕನೆಂದು ಊಹಿಸಿದರು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರು ಮಸ್ಕಿಯ ಶಾಸನವನ್ನು ಪತ್ತೆಹಚ್ಚಿದಾಗ ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಊಹೆಗೆ ಕಲ್ಲಿನ ಆಧಾರ ಸಿಕ್ಕಿತು. ಬೇರೆ ಶಾಸನಗಳಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಅವುಗಳ ಪಕ್ಕದಲ್ಲಿ ಇನ್ನೊಂದು ಪಠ್ಯ ಬಂದು ನಿಂತಿತು, ಅಷ್ಟೆ. ಕತ್ತಲಲ್ಲಿರುವ ಪಠ್ಯಕ್ಕೆ ಬೇಕಾದ ಮದ್ದು ಅದು: ಇನ್ನೊಂದನ್ನು ಓದುವುದು. ಬರೆದವನಿಗೆ ‘ಅಸ್ಪಷ್ಟ’ ಎಂದು ಹೇಳಿ ಪ್ರಯೋಜನವಿಲ್ಲ.

ಇದರ ಇನ್ನೊಂದು ಮುಖ ಮಾನ್ವಿಯಲ್ಲಿದೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು, ಬ್ಯಾಗವಟ್ಟಿ ಜಗನ್ನಾಥದಾಸರ ಹುಟ್ಟೂರು. ಇವರಿಬ್ಬರ ನಡುವಿನ ಗೋಪಾಲದಾಸರದು ದೇವದುರ್ಗದ ಕಡೆಯ ಮೊಸರಕಲ್ಲು. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯ ಮತ್ತೆ ಚಿಗುರಿದ್ದು ಹೀಗೆ ನಮ್ಮ ಎರಡು ತಾಲ್ಲೂಕುಗಳ ಮಣ್ಣಿನಲ್ಲಿ. ಸಂಸ್ಕೃತ ಪಂಡಿತರಾಗಿದ್ದ ಜಗನ್ನಾಥದಾಸರು ಮೊದಲು ವಿಜಯದಾಸರ ಕನ್ನಡ ಹಾಡುಗಳನ್ನು ಲೆಕ್ಕಕ್ಕಿಟ್ಟಿರಲಿಲ್ಲ, ಆಮೇಲೆ ಹೊಟ್ಟೆನೋವಿನಿಂದ ಬಳಲಿ ಗೋಪಾಲದಾಸರಿಂದ ಆಯುಸ್ಸಿನ ದಾನ ಪಡೆದು ದಾಸರಾದರು ಎಂಬ ಐತಿಹ್ಯವನ್ನು ಇಲ್ಲಿನ ಮಕ್ಕಳೂ ಬಲ್ಲರು. ಆ ಪಂಡಿತರು ಕಡೆಗೆ ಬರೆದ ‘ಹರಿಕಥಾಮೃತಸಾರ’ ಕನ್ನಡದ ಭಾಮಿನಿ ಷಟ್ಪದಿಯಲ್ಲಿದೆ. ಹಾಡಿದರೆ ನಾಲಿಗೆಗೆ ಹಗುರ. ಅರ್ಥ ಮಾಡಿಕೊಳ್ಳಲು ಹೊರಟರೆ ದ್ವೈತಶಾಸ್ತ್ರದ ಪರಿಭಾಷೆ ಹೆಜ್ಜೆಹೆಜ್ಜೆಗೆ ಎದುರಾಗುತ್ತದೆ. ಅದಕ್ಕೇ ಅದಕ್ಕೆ ವ್ಯಾಖ್ಯಾನಗಳ ಸಾಲೇ ಹುಟ್ಟಿತು.

ಅಲ್ಲಿ ಮಸುಕಿಲ್ಲ, ಎರಡರ್ಥದ ಆಟವೂ ಇಲ್ಲ. ಪ್ರತಿ ಪದಕ್ಕೂ ಶಾಸ್ತ್ರದಲ್ಲಿ ನಿಖರವಾದ ಅರ್ಥವಿದೆ. ನಿಖರತೆ ಹೆಚ್ಚಾದದ್ದರಿಂದಲೇ ಹೊರಗಿನವನಿಗೆ ಕಷ್ಟ. ಒಂದು ಶಾಸ್ತ್ರದೊಳಗೆ ಮಾತ್ರ ಬಳಕೆಯಲ್ಲಿರುವ ಪದವನ್ನು ಕಾವ್ಯದಲ್ಲಿ ತಂದರೆ ಮಮ್ಮಟ ಅದನ್ನು ‘ಅಪ್ರತೀತ’ ಎಂದು ಕರೆದು ದೋಷವೆನ್ನುತ್ತಾನೆ. ಜೊತೆಗೆ, ಹೇಳುವವನೂ ಕೇಳುವವನೂ ಆ ಶಾಸ್ತ್ರ ಬಲ್ಲವರಾದರೆ ಅದು ದೋಷವಾಗುವುದಿಲ್ಲ, ಗುಣವೇ ಆಗುತ್ತದೆ ಎನ್ನುತ್ತಾನೆ. ಎಂದರೆ ಈ ಬಗೆಯ ಕಷ್ಟ ಪಠ್ಯದ ಒಳಗೆ ಇಲ್ಲ. ಪಠ್ಯಕ್ಕೂ ಓದುಗನಿಗೂ ನಡುವಿನ ದೂರದಲ್ಲಿದೆ.

ಆ ದೂರ ಕಾಲದಿಂದಲೂ ಬೆಳೆಯುತ್ತದೆ. ಹರಿಕಥಾಮೃತಸಾರದಲ್ಲಿ ತಾರತಮ್ಯದ ಹೆಸರಿನ ಸಂಧಿಗಳೇ ಇವೆ. ಶಾಸ್ತ್ರದಲ್ಲಿ ತಾರತಮ್ಯ ಎಂದರೆ ದೇವತೆಗಳ, ಜೀವರ ಮೇಲುಕೆಳಗಿನ ಕ್ರಮ. ಇಂದಿನ ವಿದ್ಯಾರ್ಥಿಗೆ ತಾರತಮ್ಯ ಎಂದರೆ ಪಕ್ಷಪಾತ, ಅನ್ಯಾಯ. ಜಾತಿ ತಾರತಮ್ಯ, ಲಿಂಗ ತಾರತಮ್ಯ ಎಂಬಲ್ಲಿ ಅವನು ಕೇಳುವ ಪದ ಅದು. ತರಗತಿಯಲ್ಲಿ ಈ ಪದ ಬಂದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಎದ್ದೇ ಏಳುತ್ತದೆ, ಏಳಬೇಕು ಕೂಡ: ಹಳೆಯ ಕ್ರಮವೇ ಹೊಸ ಅನ್ಯಾಯಕ್ಕೆ ತಾಯಿಬೇರಲ್ಲವೇ? ಅದು ಒಳ್ಳೆಯ ಜಗಳ. ಆದರೆ ಪದ ಅಂದು ಏನು ಹೇಳುತ್ತಿತ್ತು ಎಂದು ತಿಳಿದ ಮೇಲೆಯೇ ಆ ಜಗಳಕ್ಕೆ ಬೆಲೆ. ತಿಳಿಯುವುದೂ ಒಪ್ಪುವುದೂ ಬೇರೆ. ‘ಅರ್ಥವಾಗಲಿಲ್ಲ’ ಎಂಬ ಮಾತಿನ ಹಿಂದೆ ‘ಒಪ್ಪಿಗೆಯಾಗಲಿಲ್ಲ’ ಎಂಬುದು ಅಡಗಿ ಕೂತಿರುವುದನ್ನು ನಾನು ಎಷ್ಟೋ ವಿಮರ್ಶೆಗಳಲ್ಲಿ ಕಂಡಿದ್ದೇನೆ, ನನ್ನವೂ ಸೇರಿದಂತೆ.

ಕ್ರಿಪ್ಟಿಕ್ ಎಂಬುದು ಇದಕ್ಕೆ ನೆಂಟ, ಆದರೆ ಗುಣ ಬೇರೆ. ಜಗನ್ನಾಥದಾಸರು ಮುಚ್ಚಿಡಲು ಬರೆದವರಲ್ಲ, ಬಿಡಿಸಿ ಹೇಳಲು ಬರೆದವರು. ಮುಚ್ಚಿಡುವುದಕ್ಕೆಂದೇ ನಮ್ಮಲ್ಲಿ ಬೇರೆ ಪ್ರಕಾರಗಳಿವೆ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ. ಮುಂಡಿಗೆ ಎಂಬ ಮಾತಿನೊಳಗೇ ಪಂಥಾಹ್ವಾನವಿದೆ: ಒಬ್ಬ ಹಾಕುತ್ತಾನೆ, ಇನ್ನೊಬ್ಬ ಎತ್ತಬೇಕು. ಅಲ್ಲಿ ಬೀಗವಿದೆ, ಬೀಗದ ಕೈಯೂ ಇದೆ. ಕೇಳುಗ ತಡಕಾಡಬೇಕು ಎಂಬುದೇ ಕವಿಯ ಇಚ್ಛೆ. ಬೆಡಗನ್ನು ಓದಿ ‘ಅಸ್ಪಷ್ಟ’ ಎಂದವನು ಒಗಟು ಕೇಳಿ ‘ಸರಿಯಾಗಿ ಹೇಳು’ ಎಂದ ಹಾಗೆ.

ಕೊನೆಯದು ನೆಬ್ಯುಲಸ್, ಹೇಳಬೇಕಾದ ವಸ್ತುವೇ ಇನ್ನೂ ಆಕಾರಕ್ಕೆ ಬಂದಿಲ್ಲದ ಸ್ಥಿತಿ. ಇದಕ್ಕೆ ನಿಘಂಟು ಕೊಡುವ ಮಂಜಿನ ಉಪಮೆ ರಾಯಚೂರಿನ ಬಿಸಿಲಿಗೆ ಹೊಂದುವುದಿಲ್ಲ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಪದ ಬಗ್ಗಡ. ಮಳೆಗಾಲದ ಹೊಸ ನೀರು ಕೆಂಪಗೆ ಬಗ್ಗಡವಾಗಿ ಬರುತ್ತದೆ. ಕೊಡದಲ್ಲಿ ಹಿಡಿದಿಟ್ಟು ಸುಮ್ಮನೆ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಕಲಕಿದಷ್ಟೂ ಕೆಡುತ್ತದೆ. ಮೊದಲ ಕರಡುಗಳೆಲ್ಲ ಬಗ್ಗಡವೇ. ಹಾಗೆ ಬಂದ ಕವಿತೆಗೆ ‘ಸ್ವಲ್ಪ ದಿನ ಇಟ್ಟು ನೋಡು’ ಎಂದು ಬರೆಯುವುದು ಸಾಕು.

ಇಷ್ಟನ್ನು ಹೇಳಿದ ಮೇಲೆ ಎದುರು ಮಾತೊಂದನ್ನೂ ಹೇಳಬೇಕು. ಕವಿತೆ ತಿಳಿಯಲಿಲ್ಲ ಎಂದರೆ ‘ಅದು ಧ್ವನಿ ಸರ’ ಎಂದು ಪಾರಾಗುವ ಜಾಣರೂ ತರಗತಿಯಲ್ಲಿದ್ದಾರೆ. ಆನಂದವರ್ಧನನ ಧ್ವನಿ ಅಷ್ಟು ಅಗ್ಗವಲ್ಲ. ದೀಪ ಹಚ್ಚಿದ ಮೇಲೆ ತಾನೇ ವಸ್ತು ಕಾಣುವುದು. ವಾಚ್ಯಾರ್ಥ ಆ ದೀಪ, ಅದೇ ಇಲ್ಲದ ಮೇಲೆ ವ್ಯಂಗ್ಯ ಎಲ್ಲಿಂದ ಹೊಳೆಯಬೇಕು? ಹಾಗಾಗಿ ನಾನೀಗ ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ತಿಳಿಯದ ಸಾಲು ಎದುರಾದಾಗ ನನಗೆ ನಾನೇ ಕೇಳಿಕೊಳ್ಳುತ್ತೇನೆ: ಇದಕ್ಕೆ ಇರಬಹುದಾದ ಅರ್ಥಗಳನ್ನು ಬಾಯಿಬಿಟ್ಟು ಹೇಳಬಲ್ಲೆನೆ? ಎರಡು ಹೇಳಬಲ್ಲೆನಾದರೆ, ಎರಡೂ ಕವಿತೆಯನ್ನು ಎಳೆಯುತ್ತಿದ್ದರೆ, ಅದು ಸಂದಿಗ್ಧ. ಬೇಕೆಂದು ಮಾಡಿದ್ದೇ ಎಂದು ನೋಡಬೇಕು. ಒಂದಿದೆ, ಆದರೆ ನನ್ನ ಕೈಗೆ ಸಿಗುತ್ತಿಲ್ಲ ಎಂದಾದರೆ ಅದು ಗೂಢ. ಯಾರನ್ನಾದರೂ ಕೇಳಬೇಕು, ಇನ್ನೊಂದು ಪುಸ್ತಕ ತೆಗೆಯಬೇಕು. ಒಂದನ್ನೂ ಗಟ್ಟಿಯಾಗಿ ಹೇಳಲಾರೆ, ಯಾವುದನ್ನು ಹೇಳಿದರೂ ಸಾಲು ‘ಹೂಂ’ ಎನ್ನುತ್ತದೆ ಎಂದಾದರೆ, ಆಗ ಮಾತ್ರ ಅದು ಮೊಗಮ್ಮು, ತಪ್ಪು ಬರೆದವನದು.

ಈ ಪರೀಕ್ಷೆಯನ್ನು ಆ ಹುಡುಗಿಯ ಕವಿತೆಗೂ ಇಟ್ಟೆ. ತಡವಾಗಿ, ಆದರೆ ಇಟ್ಟೆ.

‘ಅವರು ಬರ್ತಾರ.’ ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ‘ಅವರು’ ಎನ್ನುತ್ತಾಳೆ. ಟವೆಲ್ ಇಲ್ಲದ ಗೂಟ ಅದನ್ನೇ ಹೇಳುತ್ತಿತ್ತು. ಗುಳೆ ಹೋದ ಗಂಡ ಬರಬಹುದು, ಅದಕ್ಕೇ ತೆರೆದ ಬಾಗಿಲು. ಆದರೆ ಎರಡನೆಯ ಸಾಲಿನಲ್ಲಿ ಡಬ್ಬಿಯಿತ್ತು, ಮುಂಗಡದ ಹಣ ಖರ್ಚಾಗಿಹೋದ ಡಬ್ಬಿ. ಮುಂಗಡ ಕೊಟ್ಟ ಮೇಸ್ತ್ರಿಯನ್ನೂ ಆ ತಾಯಿ ‘ಅವರು’ ಎಂದೇ ಕರೆಯಬೇಕು. ಸಾಲ ಕೊಟ್ಟವನಿಗೆ ಏಕವಚನ ಸಲ್ಲುವುದಿಲ್ಲ. ಅವನೂ ಬರಬಹುದು. ಬಾಗಿಲು ಹಾಕಿದರೆ ಅವನು ಬಡಿಯುತ್ತಾನೆ, ಅದಕ್ಕೂ ಬಾಗಿಲು ತೆರೆದೇ ಇರಬೇಕು. ಸೆರಗು ಸರಿಮಾಡಿಕೊಳ್ಳುವುದು ಗಂಡ ಬರುತ್ತಾನೆಂದೂ ಆಗಬಹುದು, ಪರ ಗಂಡಸು ಬರುತ್ತಾನೆಂದೂ ಆಗಬಹುದು. ಆಸೆಗೂ ಹೆದರಿಕೆಗೂ ಆ ಮನೆಯಲ್ಲಿ ಇದ್ದದ್ದು ಒಂದೇ ಸರ್ವನಾಮ. ಪಕ್ಕದಲ್ಲಿ ಕೂತ ಮಗಳಿಗೆ ಯಾವ ‘ಅವರು’ ಎಂದು ಕೇಳಲು ಧೈರ್ಯವಿಲ್ಲ. ಕೇಳದೆ ಉಳಿದದ್ದೇ ಕವಿತೆಯಾಗಿತ್ತು.

ಆ ಪದದ ಕೆಳಗೆ ನಾನು ಗೆರೆ ಎಳೆದಿದ್ದೆ. ಅವಳು ನನ್ನ ಮಾತು ಕೇಳಿ ‘ಅವರು’ ಇದ್ದಲ್ಲಿ ‘ಅಪ್ಪ’ ಎಂದು ತಿದ್ದಿದ್ದರೆ ಕವಿತೆ ಸ್ಪಷ್ಟವಾಗುತ್ತಿತ್ತು, ಮತ್ತು ಅಲ್ಲಿಗೆ ಸತ್ತುಹೋಗುತ್ತಿತ್ತು.

ಮುಂದಿನ ವಾರ ಅವಳನ್ನು ಕರೆದು ಇದನ್ನೆಲ್ಲ ಹೇಳಿದೆ. ತಪ್ಪು ನನ್ನದು, ನೀನು ಬರೆದದ್ದು ಅಸ್ಪಷ್ಟವಲ್ಲ, ಸಂದಿಗ್ಧ; ಹಾಗೆಯೇ ಇರಲಿ ಎಂದೆ. ಅವಳು ಹಾಳೆಯನ್ನು ತಿರುಗಿಸಿ ನೋಡ್ತಾ ಕೇಳಿದಳು: “ಮತ್ತ ಸರ, ಇದನ್ನ ಅಳಸಿ ಬೇರೆ ಬರದು ಕೊಡ್ತೀರೇನ್ರಿ?”

ಪೆನ್ನಿನಲ್ಲಿ ಬರೆದದ್ದು, ಅಳಿಸಲಾಗಲಿಲ್ಲ. ‘ಅಸ್ಪಷ್ಟ’ದ ಮುಂದೆ ‘ಓದಿದವನಿಗೆ’ ಎಂದು ಸೇರಿಸಿ, ಸಹಿ ಮಾಡಿ ಕೊಟ್ಟೆ.